ಮಗಳ ಅಂಕ ಕೇಳಿದರೆ ಕಾಲೇಜಿನವರು ಹೇಳಲ್ಲ ಅಂದರು: ಫೆರ್ಪಾ, ನೋಟಿಸ್ ಬೋರ್ಡು, ಜೆರಾಕ್ಸ್ ಅಂಗಡಿ

ಸಾಗರದವಳು, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದ್ತಿದ್ದಾಳೆ. ಹೋದ ಸೆಮಿಸ್ಟರಲ್ಲಿ ಏನೋ ಎಡವಟ್ಟಾಗಿದೆ ಅಂತ ನನಗೆ ಅನುಮಾನ. ಕೇಳಿದರೆ "ಎಲ್ಲಾ ಚೆನ್ನಾಗಿದೆ ಅಮ್ಮ" ಅಂತಾಳೆ, ಅಷ್ಟೇ. ಫೀಸ್ ಕಟ್ಟೋರು ನಾವು, ಬಿಲ್ ಬರೋದೂ ನಮಗೇ. ರಿಜಿಸ್ಟ್ರಾರ್ ಆಫೀಸಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ತುಂಬಾ ಮರ್ಯಾದೆಯಿಂದಲೇ, ವಿದ್ಯಾರ್ಥಿಗಳ ದಾಖಲೆ ಗುಟ್ಟಾಗಿಡೋಕೆ ಫೆರ್ಪಾ ಅನ್ನೋ ಕಾನೂನು ಇದೆ, ನಿಮ್ಮ ಮಗಳ ಲಿಖಿತ ಒಪ್ಪಿಗೆ ಇಲ್ಲದೆ ಏನೂ ಹೇಳೋ ಹಾಗಿಲ್ಲ ಅಂದಳು. ಹೈಸ್ಕೂಲು ಮುಗಿಯೋವರೆಗೂ ಒಂದೊಂದು ಹೋಂವರ್ಕಿನ ಅಂಕವೂ ನನ್ನ ಫೋನಿಗೇ ಬರ್ತಿತ್ತು. ಒಂದು ಬೇಸಿಗೆ ರಜೆ ಕಳೆಯೋದರೊಳಗೆ ನಾನು ಹೊರಗಿನವಳಾದೆನಾ? ಇದಕ್ಕೆ ಏನಾದರೂ ದಾರಿ ಇದ್ದರೆ ಗೊತ್ತಿರೋರು ಹೇಳಿ.

ಹಾಸನದಪ್ಪ

ದುಡ್ಡು ಕೊಡೋಕೆ ಅಪ್ಪ ಅಮ್ಮ ಬೇಕು, ಮಾರ್ಕ್ಸ್ ಹೇಳೋಕೆ ಬೇಡ. ಚೆನ್ನಾಗಿದೆ ಕಣ್ರೀ ಕಾನೂನು. ನಮ್ಮಲ್ಲಿ ಹುಡುಗ ಒಂದು ಪೀರಿಯಡ್ ತಪ್ಪಿಸಿದರೂ ಕಾಲೇಜಿಂದ ಮೆಸೇಜ್ ಬರುತ್ತೆ. ಅದೇ ಸರಿ.

ದಾಖಲೆ ಕೋಣೆ, ಒಹಾಯೋ

ಮೇಡಂ, ನಾನು ಇಲ್ಲಿನ ಒಂದು ಕಾಲೇಜಿನ ರಿಜಿಸ್ಟ್ರಾರ್ ಆಫೀಸಲ್ಲೇ ಕೆಲಸ ಮಾಡೋನು. ಆ ಹುಡುಗಿ ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ ಹೇಳಿದ್ದಾಳೆ.

ಈ ಕಾಯ್ದೆ 1974ರದ್ದು. ಮಕ್ಕಳ ಬಗ್ಗೆ ಶಾಲೆಗಳು ಏನೇನೋ ಬರೆದಿಟ್ಟುಕೊಳ್ತಿದ್ದವು, ಅದನ್ನ ಹೆತ್ತವರಿಗೇ ತೋರಿಸ್ತಿರಲಿಲ್ಲ. ಆ ಫೈಲನ್ನು ತೆರೆಸೋಕೆ ಅಂತಲೇ ಸೆನೆಟರ್ ಜೇಮ್ಸ್ ಬಕ್ಲಿ ಇದನ್ನ ತಂದಿದ್ದು. ಅಂದರೆ ಹುಟ್ಟಿದಾಗ ಇದು ತಂದೆತಾಯಿ ಪರವಾದ ಕಾನೂನೇ. ದಾಖಲೆ ನೋಡೋದು, ತಪ್ಪಿದ್ದರೆ ತಿದ್ದಿಸೋದು, ಹೊರಗಿನವರಿಗೆ ಕೊಡೋಕೆ ಒಪ್ಪಿಗೆ ಕೊಡೋದು ಅಥವಾ ಕೊಡದೇ ಇರೋದು, ಇವೆಲ್ಲ ಮೊದಲು ನಿಮ್ಮ ಹಕ್ಕು. ಮಗುವಿಗೆ 18 ತುಂಬಿದ ದಿನ, ಇಲ್ಲಾ ಕಾಲೇಜು ಸೇರಿದ ದಿನ, ಯಾವುದು ಮೊದಲೋ ಅವತ್ತು ಅದಷ್ಟೂ ಮಗುವಿನ ಕೈಗೆ ಹೋಗುತ್ತೆ. ಹದಿನಾರಕ್ಕೇ ಕಾಲೇಜಿಗೆ ಬಂದ ಹುಡುಗನಿಗೂ ಅಷ್ಟೇ.

ನಿಮಗೆ ಹೇಳದೆ ಬಿಟ್ಟ ಅರ್ಧ ಇದು. ಟ್ಯಾಕ್ಸ್ ರಿಟರ್ನಲ್ಲಿ ಮಗಳನ್ನ ಡಿಪೆಂಡೆಂಟ್ (ನಿಮ್ಮ ಅವಲಂಬಿತೆ) ಅಂತ ತೋರಿಸಿದ್ದರೆ, ಅವಳ ಒಪ್ಪಿಗೆ ಇಲ್ಲದೆಯೂ ಕಾಲೇಜು ನಿಮಗೆ ದಾಖಲೆ ತೋರಿಸಬಹುದು. "ತೋರಿಸಬಹುದು" ಅಷ್ಟೇ, ತೋರಿಸಲೇಬೇಕು ಅಂತಿಲ್ಲ. ಕೆಲವು ಕಾಲೇಜು ರಿಟರ್ನಿನ ಪ್ರತಿ ಕೇಳಿ ಕೊಡುತ್ತೆ, ಕೆಲವು ಆ ತಂಟೆಗೇ ಹೋಗಲ್ಲ. 21 ತುಂಬದ ಮಕ್ಕಳು ಕುಡಿತ, ಡ್ರಗ್ಸ್ ವಿಷಯದಲ್ಲಿ ನಿಯಮ ಮುರಿದರೂ ಹೆತ್ತವರಿಗೆ ಹೇಳಬಹುದು. ಜೀವಕ್ಕೆ ಅಪಾಯ ಅನ್ನೋ ಹೊತ್ತಲ್ಲಂತೂ ಹೇಳಬಹುದು. 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಗುಂಡಿನ ದಾಳಿ ಆಯ್ತಲ್ಲ, ಅದಾದ ಮೇಲೆ 2008ರಲ್ಲಿ ಈ ತುರ್ತಿನ ನಿಯಮವನ್ನ ಇನ್ನಷ್ಟು ಸಡಿಲ ಮಾಡಿದರು.

ಇನ್ನೊಂದು ಮಾತು. ಹೆಸರು, ಕೋರ್ಸು, ಸೇರಿದ ವರ್ಷ, ಪಡೆದ ಡಿಗ್ರಿ ಇಂಥವನ್ನ "ಡೈರೆಕ್ಟರಿ ಮಾಹಿತಿ" ಅಂತಾರೆ. ಕಾಲೇಜು ಅದನ್ನ ಯಾರಿಗೆ ಬೇಕಾದರೂ ಕೊಡಬಹುದು. ಬೇಡ ಅಂತ ವಿದ್ಯಾರ್ಥಿ ಬರೆದುಕೊಟ್ಟರೆ ಮಾತ್ರ ಅದೂ ನಿಲ್ಲುತ್ತೆ. ಅಂಕ ಯಾವತ್ತೂ ಈ ಪಟ್ಟಿಗೆ ಸೇರಲ್ಲ.

ಸಾಗರದವಳು, ನ್ಯೂಜೆರ್ಸಿ

ಡಿಪೆಂಡೆಂಟ್ ಅಂತಲೇ ತೋರಿಸಿದ್ದೀವಿ! ಹಾಗಾದರೆ ಆ ಕಾಗದ ಹಿಡ್ಕೊಂಡು ಹೋಗಿ ಕೂತ್ಕೊಳ್ಲಾ?

ದಾಖಲೆ ಕೋಣೆ, ಒಹಾಯೋ

ಹೋಗಬಹುದು. ಆದರೆ ನೀವು ಬಂದು ಕೇಳಿದ್ದು ನಿಮ್ಮ ಮಗಳಿಗೆ ಗೊತ್ತಾಗೋ ಸಾಧ್ಯತೆ ಇದೆ, ಅದನ್ನೂ ಯೋಚಿಸಿ. ಬಹುಪಾಲು ಕಾಲೇಜಲ್ಲಿ ವಿದ್ಯಾರ್ಥಿಯೇ ಪೋರ್ಟಲಲ್ಲಿ ಅಪ್ಪ ಅಮ್ಮನಿಗೆ ಪ್ರವೇಶ ಕೊಡೋ ವ್ಯವಸ್ಥೆ ಇರುತ್ತೆ. ಫೀಸಿಗೆ ಬೇರೆ ಟಿಕ್ ಗುರುತು, ಅಂಕಕ್ಕೆ ಬೇರೆ, ಶಿಸ್ತು ಕ್ರಮಕ್ಕೆ ಬೇರೆ. ಅವಳನ್ನ ಕೂರಿಸಿಕೊಂಡು ಕೇಳಿ, ಅದು ಎರಡು ನಿಮಿಷದ ಕೆಲಸ. ನಮ್ಮ ಕೌಂಟರಿಗೆ ಬರೋ ಜಗಳಗಳಲ್ಲಿ ಹೆಚ್ಚಿನವು ಮನೆಯ ಊಟದ ಮೇಜಲ್ಲಿ ಮುಗೀಬೇಕಾದವು.

ಹಾಸನದಪ್ಪ

ನಿಯಮಭಂಗ ಆದರೆ ಕಾಲೇಜಿಗೇನು ಶಿಕ್ಷೆ? ಆ ಹುಡುಗಿ ಬಾಯಿ ತಪ್ಪಿ ಹೇಳಿಬಿಟ್ಟಿದ್ದರೆ ಆಕಾಶ ಬೀಳ್ತಿತ್ತಾ?

ದಾಖಲೆ ಕೋಣೆ, ಒಹಾಯೋ

ಒಳ್ಳೇ ಪ್ರಶ್ನೆ, ಯಜಮಾನ್ರೇ. ಫೆಡರಲ್ ಸರ್ಕಾರದ ಹಣ ನಿಲ್ಲಿಸಬಹುದು ಅಂತ ಕಾಯ್ದೆ ಹೇಳುತ್ತೆ, ಆದರೆ ವಿದ್ಯಾರ್ಥಿಯೇ ಇದನ್ನ ಹಿಡಿದು ಕೋರ್ಟಿಗೆ ಹೋಗೋ ಹಾಗಿಲ್ಲ. 2002ರಲ್ಲಿ ಗೊಂಜಾಗ ಯೂನಿವರ್ಸಿಟಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೀಗಂತ ತೀರ್ಪು ಕೊಟ್ಟಿದೆ. ವಿದ್ಯಾರ್ಥಿ ಮಾಡಬಹುದಾದ್ದು ಶಿಕ್ಷಣ ಇಲಾಖೆಗೆ 180 ದಿನದೊಳಗೆ ದೂರು ಕೊಡೋದು. ಕಾಗದದಲ್ಲಿ ದೊಡ್ಡ ಹಲ್ಲು, ಕಚ್ಚೋದು ಕಮ್ಮಿ. ಆದರೂ ನಮ್ಮ ಆಫೀಸಲ್ಲಿ ಎಲ್ಲರೂ ಹೆದರ್ತಾರೆ. ಹೊಸಬರಿಗೆ ಮೊದಲು ಕೊಡೋ ತರಬೇತಿಯೇ ಇದು.

ಎಫ್1 ಪರದೇಶಿ, ಡಲ್ಲಾಸ್

ನನ್ನ ಕಥೆ ಕೇಳಿ. ಅಪ್ಪ ಇರೋದು ದಾವಣಗೆರೆಯಲ್ಲಿ, ಅಲ್ಲಿ ಬ್ಯಾಂಕ್ ಲೋನ್ ತೆಗೆದು ನನ್ನನ್ನ ಕಳಿಸಿದ್ದಾರೆ. ಪ್ರತಿ ಸೆಮಿಸ್ಟರಿಗೆ ಬ್ಯಾಂಕಿನವರು ಅಂಕಪಟ್ಟಿ ಕೊಟ್ಟರೇ ಮುಂದಿನ ಕಂತು ಅಂತಾರೆ. ಅಪ್ಪ ಪಾಪ ಇಂಗ್ಲಿಷಲ್ಲಿ ಬರೆಸಿ ಯೂನಿವರ್ಸಿಟಿಗೆ ಮೇಲ್ ಹಾಕಿದರು. ಅದೇ ಉತ್ತರ ಬಂತು. ಅವರು ಅಮೆರಿಕದಲ್ಲಿ ಟ್ಯಾಕ್ಸ್ ಕಟ್ಟೋರಲ್ಲ, ಹಾಗಾಗಿ ಡಿಪೆಂಡೆಂಟ್ ದಾರಿಯೂ ಇಲ್ಲ. ಕೊನೆಗೆ ನಾನೇ ಟ್ರಾನ್ಸ್‌ಕ್ರಿಪ್ಟ್ ಇಳಿಸಿ ಕಳಿಸಿದೆ.

ತಮಾಷೆ ಅಂದರೆ, ಅಪ್ಪನಿಗೆ ಹೇಳಬಾರದ ವಿಷಯ ಇಲ್ಲಿನ ಸರ್ಕಾರಕ್ಕೆ ನೇರವಾಗಿ ಹೋಗುತ್ತೆ. ಎಷ್ಟು ಕ್ರೆಡಿಟ್ ತಗೊಂಡಿದ್ದೀನಿ, ಯಾವ ವಿಳಾಸದಲ್ಲಿದ್ದೀನಿ, ಕೋರ್ಸ್ ಬಿಟ್ಟೆನಾ ಅನ್ನೋದನ್ನೆಲ್ಲ ಕಾಲೇಜು ಸೆವಿಸ್ ಅನ್ನೋ ಸರ್ಕಾರಿ ವಿದೇಶಿ ವಿದ್ಯಾರ್ಥಿ ದಾಖಲೆ ವ್ಯವಸ್ಥೆಗೆ ಹಾಕುತ್ತೆ. ವೀಸಾಗೆ ಮೊದಲು ಕಾಲೇಜು ಕೊಡೋ ಐ-20 ಫಾರ್ಮಿಗೆ ಸಹಿ ಹಾಕ್ತೀವಲ್ಲ, ವೀಸಾ ವಿಷಯಕ್ಕೆ ಬೇಕಾದ ದಾಖಲೆ ಕೊಡೋಕೆ ಅಲ್ಲೇ ಒಪ್ಪಿಗೆ ಕೊಟ್ಟಿರ್ತೀವಿ. ಸಹಿ ಹಾಕೋವಾಗ ಅದನ್ನ ಓದಿದವರು ಈ ಗುಂಪಲ್ಲಿ ಯಾರಿದ್ದಾರೆ, ಕೈ ಎತ್ತಿ ನೋಡೋಣ.

ದಾಖಲೆ ಕೋಣೆ, ಒಹಾಯೋ

ಇನ್ನೊಂದು ಸೇರಿಸ್ತೀನಿ. ಅರ್ಜಿ ಹಾಕೋವಾಗ ಶಿಫಾರಸು ಪತ್ರ ನೋಡೋ ಹಕ್ಕನ್ನ ಬಿಟ್ಟುಕೊಡ್ತೀರಾ ಅಂತ ಒಂದು ಪ್ರಶ್ನೆ ಬರುತ್ತೆ. ನಮ್ಮ ಮಕ್ಕಳು ಕಣ್ಣುಮುಚ್ಚಿ ಹೌದು ಅಂತ ಒತ್ತುತ್ತಾರೆ. ಅದೂ ಫೆರ್ಪಾದ್ದೇ ಹಕ್ಕು.

ನಿವೃತ್ತ ಅಧೀಕ್ಷಕ, ಧಾರವಾಡ

ನಿಮ್ಮ ಅಮೆರಿಕಾದ ಸುದ್ದಿ ಓದಿ ನಗು ಬಂತ್ರಿ. ನಾ ನೌಕರಿ ಪೂರ್ತಿ ಡಿಗ್ರಿ ಕಾಲೇಜಿನ ಆಫೀಸಿನ್ಯಾಗ ಕಳದಾಂವ. ರಿಸಲ್ಟ್ ಬಂದ ದಿನ ಇಡೀ ಶೀಟ್ ನೋಟಿಸ್ ಬೋರ್ಡಿಗೆ ಹಚ್ಚತಿದ್ವಿ. ಹೆಸರು, ನಂಬರು, ಎಲ್ಲಾ ವಿಷಯದ ಮಾರ್ಕ್ಸು. ಅಪ್ಪ, ಕಾಕಾ, ಸ್ವಾದರಮಾವ ಎಲ್ಲಾರೂ ಬಂದು ಬಟ್ಟಿಟ್ಟು ನೋಡಾವ್ರು. ಯಾರೂ ತಪ್ಪಂದಿಲ್ಲ. ಹಚ್ಚೂದು ಒಂದಿನ ತಡಾ ಆದ್ರ "ಒಳಗ ಏನೋ ಗೋಲ್‌ಮಾಲ್ ನಡದದ" ಅಂತ ಜಗಳಕ್ಕ ನಿಲ್ಲತಿದ್ರು. ಬಚ್ಚಿಟ್ರ ಅನುಮಾನ, ಬಿಚ್ಚಿಟ್ರ ನಂಬಿಕಿ. ಅದು ನಮ್ಮ ಪದ್ಧತಿ.

ಯುಎಸ್‌ಎನ್ ಹುಡುಗ, ಬೆಂಗಳೂರು

ಅಂಕಲ್, ಈಗ ಬೋರ್ಡು ಬೇಡ, ಫೋನ್ ಸಾಕು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೊಡೋ ಯುಎಸ್‌ಎನ್, ಅಂದರೆ ವಿದ್ಯಾರ್ಥಿಯ ನೋಂದಣಿ ನಂಬರ್ ಗೊತ್ತಲ್ಲ? ಮೊದಲ ಅಂಕಿ ವಲಯ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಆಮೇಲೆ ಕಾಲೇಜಿನ ಎರಡು ಅಕ್ಷರ, ಸೇರಿದ ವರ್ಷ, ಬ್ರಾಂಚಿನ ಎರಡು ಅಕ್ಷರ, ಕೊನೆಗೆ ಮೂರಂಕಿ ಕ್ರಮಸಂಖ್ಯೆ. ನಿನ್ನ ನಂಬರ್ ಗೊತ್ತಿದ್ದರೆ ಕ್ಲಾಸಿನ ಎಲ್ಲರ ನಂಬರೂ ಗೊತ್ತಾದ ಹಾಗೆ. ಯುಎಸ್‌ಎನ್ ಹಾಕಿ, ಕ್ಯಾಪ್ಚಾ ತುಂಬಿದರೆ ರಿಸಲ್ಟ್ ಬಂತು. ಒಂದೊಂದೇ ಹಾಕೋಕೆ ಬೇಜಾರಾದವರು ಸ್ಕ್ರಿಪ್ಟ್ ಬರೀತಾರೆ, ಇಡೀ ಸೆಕ್ಷನ್ನಿನದ್ದು ಎಕ್ಸೆಲ್ ಶೀಟಲ್ಲಿ ಬೀಳುತ್ತೆ. ಯಾರು ಟಾಪರ್, ಯಾರಿಗೆ ಎಷ್ಟು ಬ್ಯಾಕ್ ಅಂತ ರ‍್ಯಾಂಕ್ ಸಮೇತ ವಾಟ್ಸಾಪ್ ಗ್ರೂಪಿಗೆ. ನಮ್ಮ ಕ್ಲಾಸಲ್ಲಿ ಒಬ್ಬಳು ಆ ಶೀಟ್ ಬಂದ ಮೇಲೆ ಗ್ರೂಪೇ ಬಿಟ್ಟಳು. ಇದಕ್ಕೆ ಹ್ಯಾಕಿಂಗ್ ಅನ್ನೋಕೂ ಆಗಲ್ಲ ಗುರು, ಬೀಗವೇ ಇಲ್ಲದ ಮನೆ.

ಹಾಸನದಪ್ಪ ಅವರಿಗೆ ಒಂದು ಗುಟ್ಟು: ಆ ಅಟೆಂಡೆನ್ಸ್ ಮೆಸೇಜ್ ಇದೆಯಲ್ಲ, ಎಷ್ಟೋ ಹುಡುಗರು ಅಡ್ಮಿಷನ್ ಫಾರ್ಮಲ್ಲಿ ಅಪ್ಪನ ನಂಬರ್ ಜಾಗದಲ್ಲಿ ಸೀನಿಯರ್ ನಂಬರ್ ಬರೆದಿರ್ತಾರೆ.

ಹಾಸನದಪ್ಪ

ನಮ್ಮ ಹುಡುಗ ಬರೆದಿಲ್ಲ. ನಾನೇ ತುಂಬಿದ್ದು ಆ ಫಾರ್ಮು.

ಕುಡ್ಲದ ಅಕ್ಕ

ಮಾರಾಯ್ರೆ, ಅಪ್ಪ ಅಮ್ಮನಿಗೆ ಹೇಳುವುದೋ ಬೇಡವೋ ಅಂತ ಅಲ್ಲಿ ಚರ್ಚೆ. ಇಲ್ಲಿ ಊರಿಗೇ ಹೇಳಿ ಆಗಿದೆ. ಮಗನ ಪಿಯುಸಿ ರಿಸಲ್ಟ್ ಬಂದ ದಿನ ಮಧ್ಯಾಹ್ನವೇ ಫೋನ್ ಶುರು. "ಮೇಡಂ, ನಿಮ್ಮ ಮಗನಿಗೆ ಫಿಸಿಕ್ಸಲ್ಲಿ ಕಮ್ಮಿ ಬಂತಲ್ಲ, ನಮ್ಮಲ್ಲಿ ಲಾಂಗ್ ಟರ್ಮ್ ಕೋಚಿಂಗ್ ಉಂಟು." ಇನ್ನೊಬ್ಬ ಹೊರರಾಜ್ಯದ ಯಾವುದೋ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನವ. ಹೆಸರು, ಅಂಕ, ನನ್ನ ನಂಬರ್ ಮೂರೂ ಒಟ್ಟಿಗೆ ಎಲ್ಲಿ ಸಿಕ್ಕಿತು? ಅವನು ಓದಿದ ಕಾಲೇಜಿಗೆ ಹೋಗಿ ಕೇಳಿದರೆ "ನಮ್ಮಿಂದ ಹೋಗಲಿಲ್ಲ" ಅಂತ ಒಂದೇ ಮಾತು. ಮತ್ತೆ ಎಂತ ಮಾಡುವುದು, ನಂಬರ್ ಬ್ಲಾಕ್ ಮಾಡುತ್ತಾ ಕೂತೆ.

ರಾಯಚೂರು ಪಯಣಿಗ

ಅಕ್ಕ, ಕಾಲೇಜಿನವರನ್ನಷ್ಟೇ ಹಿಡಿಯಬೇಡಿ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೂ ಒಮ್ಮೆ ಹೋಗಿ ನೋಡಿ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನ ಸ್ಕಾಲರ್‌ಶಿಪ್ ಅರ್ಜಿ, ಯೂನಿವರ್ಸಿಟಿಗಳ ಯುಯುಸಿಎಂಎಸ್ ಪೋರ್ಟಲಿನ ಅಡ್ಮಿಷನ್ ಎಲ್ಲ ಅಲ್ಲೇ ತುಂಬಿಸೋದು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಬೇರೆ ಗತಿ ಏನು? ಅಂಗಡಿಯ ಕಂಪ್ಯೂಟರಲ್ಲಿ ಡೌನ್‌ಲೋಡ್ಸ್ ಅಂತ ಒಂದು ಫೋಲ್ಡರ್ ಇರುತ್ತೆ. ನೂರಾರು ಹುಡುಗ ಹುಡುಗಿಯರ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಆದಾಯ ಪ್ರಮಾಣಪತ್ರ. ಆ ಪ್ರಮಾಣಪತ್ರದ ಮೇಲೆ ಅದನ್ನ ಗುರುತಿಸೋ ಆರ್‌ಡಿ ನಂಬರ್. ಪಕ್ಕದಲ್ಲೇ ಉದ್ದನೆ ನೋಟ್‌ಬುಕ್ಕು, ಅದರಲ್ಲಿ ಹೆಸರಿನ ಮುಂದೆ ಯೂಸರ್ ಐಡಿ, ಪಾಸ್‌ವರ್ಡು ಬಾಲ್‌ಪೆನ್ನಲ್ಲಿ. ಮುಂದಿನ ವರ್ಷ ಮರೆತು ಬಂದವರಿಗೆ ಅಣ್ಣನೇ ತೆಗೆದುಕೊಡ್ತಾನೆ. ಅವನು ಕೆಟ್ಟವನಲ್ಲ, ಉಪಕಾರವೇ ಮಾಡ್ತಿದ್ದಾನೆ. ಆದರೆ ಒಂದು ಪೆನ್‌ಡ್ರೈವ್ ಸಾಕು ನೋಡಿ.

ಕಪ್ಪು ಕೋಟು, ಮೈಸೂರು

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ನಮ್ಮಲ್ಲಿ ಒಂದು ವಿಚಿತ್ರ ಇದೆ. ವಿದ್ಯಾರ್ಥಿಯ ಅಂಕ ಪಕ್ಕದ ಮನೆಯವರಿಗೆ ಬಿಟ್ಟಿಯಾಗಿ ಸಿಗುತ್ತದೆ. ತನ್ನದೇ ಉತ್ತರಪತ್ರಿಕೆ ನೋಡಬೇಕೆಂದರೆ ಮಾತ್ರ ಅವನು ಅರ್ಜಿ ಹಾಕಿ ದುಡ್ಡು ಕಟ್ಟಿ ಕಾಯಬೇಕು. ದ್ವಿತೀಯ ಪಿಯುಸಿಯಲ್ಲಿ ಸ್ಕ್ಯಾನ್ ಪ್ರತಿಗೆ ವಿಷಯವೊಂದಕ್ಕೆ 530 ರೂಪಾಯಿ. ಆ ಹಕ್ಕಾದರೂ ಸುಲಭವಾಗಿ ಬಂದದ್ದಲ್ಲ. ಮೌಲ್ಯಮಾಪನ ಆದ ಉತ್ತರಪತ್ರಿಕೆ ಆರ್‌ಟಿಐ ಕಾಯ್ದೆಯಡಿ "ಮಾಹಿತಿ"ಯೇ, ಬರೆದವನಿಗೆ ಅದನ್ನು ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರ ಆಗಸ್ಟಿನಲ್ಲಿ, ಸಿಬಿಎಸ್‌ಇ ಪ್ರಕರಣದಲ್ಲಿ. ತೀರ್ಪು ಬರೆದವರು ನಮ್ಮ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್.

ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ ಪ್ರಕರಣವೂ ನಮ್ಮವರದೇ. ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆದರೆ ವಿದ್ಯಾರ್ಥಿ ದಾಖಲೆಗೇ ಮೀಸಲಾದ ಫೆರ್ಪಾದಂಥ ಕಾಯ್ದೆ ನಮ್ಮಲ್ಲಿಲ್ಲ. ಇರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ದತ್ತಾಂಶವನ್ನು ಭದ್ರವಾಗಿ ಇಡದಿದ್ದರೆ ದಂಡ 250 ಕೋಟಿವರೆಗೂ ಹೋಗಬಹುದು. ಹದಿನೆಂಟು ತುಂಬಿದ ವಿದ್ಯಾರ್ಥಿಯ ಒಪ್ಪಿಗೆ ಕೊಡಬೇಕಾದವನು ವಿದ್ಯಾರ್ಥಿಯೇ, ಅಪ್ಪನಲ್ಲ. ಬರೀ ಕಾಗದದಲ್ಲೇ ಇರುವ ಲೆಡ್ಜರಿಗೆ ಈ ಕಾಯ್ದೆ ತಾಗುವುದಿಲ್ಲ, ಸ್ಕ್ಯಾನ್ ಮಾಡಿದ ಕ್ಷಣ ತಾಗುತ್ತದೆ.

ಚುನಾವಣೆ ಚಪಲ

ಪ್ರಧಾನಿ ಮೋದಿಯವರ ಪದವಿಯ ಪ್ರಶ್ನೆ ಬಂದ ದೆಹಲಿ ಯೂನಿವರ್ಸಿಟಿಯ 1978ರ ಡಿಗ್ರಿ ದಾಖಲೆ ಕೇಸಿನ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಹೆದರಿಕೆನಾ?

ಕಪ್ಪು ಕೋಟು, ಮೈಸೂರು

ಹೆದರಿಕೆ ಏನಿಲ್ಲ. ಆ ವರ್ಷದ ಬಿಎ ದಾಖಲೆ ತೋರಿಸಿ ಎಂದು ಮಾಹಿತಿ ಆಯೋಗ ಕೊಟ್ಟಿದ್ದ ಆದೇಶವನ್ನು ದೆಹಲಿ ಹೈಕೋರ್ಟ್ 2025ರ ಆಗಸ್ಟಿನಲ್ಲಿ ರದ್ದು ಮಾಡಿತು. ಅಂಕ, ಪದವಿ ವೈಯಕ್ತಿಕ ಮಾಹಿತಿ ಎಂಬ ನೆಲೆಯಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಆರ್‌ಟಿಐನ 8(1)(ಜೆ) ಕಲಮಿಗೂ ತಿದ್ದುಪಡಿ ಜಾರಿಗೆ ಬಂತು, ವೈಯಕ್ತಿಕ ಮಾಹಿತಿಗೆ ಇದ್ದ ರಕ್ಷಣೆ ಇನ್ನೂ ಅಗಲವಾಯಿತು. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಎಂಬ 8(2) ಇನ್ನೂ ಉಳಿದಿದೆ. ನನಗನಿಸುವುದು: ಹುದ್ದೆಯಲ್ಲಿರುವವರ ಪದವಿ ಒಂದು ಪ್ರಶ್ನೆ, ಎರಡನೇ ಸೆಮಿಸ್ಟರಿನ ಹುಡುಗಿಯ ಅಂಕ ಇನ್ನೊಂದು ಪ್ರಶ್ನೆ. ಎರಡಕ್ಕೂ ಒಂದೇ ಬಾಗಿಲು ಹಾಕಿದ್ದು ಸರಿಯಲ್ಲ.

ನಿರ್ವಾಹಕ

ಈ ಎಳೆ ಇಲ್ಲಿಗೆ ಸಾಕು. ಪಕ್ಷಗಳ ಜಗಳಕ್ಕೆ ಬೇರೆ ಜಾಗ ಇದೆ. ಕೆಳಗಿನ ಹನ್ನೊಂದು ಉತ್ತರಗಳನ್ನು ತೆಗೆದಿದ್ದೇನೆ.

ಪಟ್ಟಿಯಲ್ಲಿದ್ದವನು

ಧಾರವಾಡದ ಸರ್, ನಿಮಗೆ ಒಂದು ಮಾತು. ಬಿಚ್ಚಿಟ್ಟರೆ ನಂಬಿಕೆ ಅಂದಿರಿ. ನಾನು ಬಿಎಸ್ಸಿ ಓದುವಾಗ ಕ್ಯಾಂಟೀನಿಗೆ ಹೋಗೋ ದಾರಿಯಲ್ಲಿ ಗಾಜಿನ ಬಾಗಿಲಿನ ನೋಟಿಸ್ ಬೋರ್ಡಿತ್ತು. ಅದರಲ್ಲಿ ಒಂದು ದಿನ "ಪ.ಜಾ. / ಪ.ಪಂ. ವಿದ್ಯಾರ್ಥಿವೇತನ: ಕೆಳಕಂಡವರು ಕಚೇರಿಗೆ ಬಂದು ಸಹಿ ಮಾಡತಕ್ಕದ್ದು" ಅಂತ ಪಟ್ಟಿ ಬಂತು. ಕ್ರಮಸಂಖ್ಯೆ, ಹೆಸರು, ಜಾತಿ, ತಂದೆಯ ವಾರ್ಷಿಕ ಆದಾಯ. ನನ್ನ ಹೆಸರಿನ ಕೆಳಗೆ ಯಾರೋ ಪೆನ್ನಲ್ಲಿ ಗೆರೆ ಎಳೆದಿದ್ದರು. ಬೀಗ ಹಾಕಿದ ಗಾಜಿನ ಬಾಗಿಲೊಳಗೆ ಹೇಗೆ ಎಳೆದರೋ. ಅವತ್ತು ರಾತ್ರಿ ರೂಮಲ್ಲಿ ಒಬ್ಬ "ನಿಮಗೇನಪ್ಪ, ಸರ್ಕಾರದ ದುಡ್ಡು" ಅಂದ. ಅದಕ್ಕೂ ಹಿಂದಿನ ದಿನ ಅದೇ ಹುಡುಗ ನನ್ನ ತಟ್ಟೆಯಿಂದ ಚಪಾತಿ ಕಿತ್ತುಕೊಂಡು ತಿಂದಿದ್ದ. ಆಮೇಲೆ ತಿನ್ನಲಿಲ್ಲ.

ನಮ್ಮಪ್ಪನಿಗೆ ನನ್ನ ಅಂಕ ಗೊತ್ತಾದರೆ ನನಗೇನೂ ಇಲ್ಲ, ಅವರು ಖುಷಿಯೇ ಪಡ್ತಿದ್ದರು. ಕಾಲೇಜಿನ ದಾಖಲೆ ಅಂದರೆ ಬರೀ ಅಂಕ ಅಂದ್ಕೊಂಡು ಎಲ್ಲರೂ ಮಾತಾಡ್ತಿದ್ದೀರಿ, ಅದಕ್ಕೆ ಬರೆದೆ.

ನಿವೃತ್ತ ಅಧೀಕ್ಷಕ, ಧಾರವಾಡ

ತಮ್ಮಾ, ಓದಿದೆ. ಆ ಪಟ್ಟಿ ಯಾಕ ಹಚ್ಚತಿದ್ರು ಅಂದ್ರ, ಆಗ ರೊಕ್ಕ ಕಾಲೇಜಿಗೆ ಬಂದು ಅಲ್ಲಿಂದ ಹಂಚಾವ್ರು. ಹಚ್ಚಲಿಲ್ಲಂದ್ರ ನಿನ್ನ ಹೆಸರಿನ್ಯಾಗ ಇನ್ನೊಬ್ಬ ಸಹಿ ಮಾಡಿ ಒಯ್ಯಾಂವ, ನಿನಗ ಬಂದದ್ದ ಗೊತ್ತಾಗತಿದ್ದಿಲ್ಲ. ಅಂಥಾವು ಆಗ್ಯಾವ. ಈಗ ರೊಕ್ಕ ಆಧಾರ್ ಜೋಡಿಸಿದ ಖಾತೆಗೆ ಸೀದಾ ಬೀಳತದ. ಸಹಿ ಮಾಡೂದೂ ಇಲ್ಲ, ಪಟ್ಟಿ ಹಚ್ಚೂ ಕಾರಣಾನೂ ಇಲ್ಲ. ಆದ್ರೂ ಹಚ್ಚತಾರ, ಯಾಕಂದ್ರ ಹಿಂದಿನ ಗುಮಾಸ್ತ ಹಚ್ಚತಿದ್ದ. ಜಾತಿ ಕಾಲಂ ಅಂತೂ ಆವಾಗೂ ಬೇಕಾಗಿದ್ದಿಲ್ಲ.

ಹಾಸನದಪ್ಪ

ಇದು ಬೇರೆ ವಿಷಯ. ಇದು ತಪ್ಪೇ. ಆದರೆ ಸೀಟು ಹಂಚಿಕೆ ಪಟ್ಟಿ ಮುಚ್ಚಿಟ್ಟರೆ ಸೀಟು ಮಾರಿಕೊಳ್ತಾರೆ, ಅದನ್ನೂ ಹೇಳಿ.

ಕಪ್ಪು ಕೋಟು, ಮೈಸೂರು

ಒಪ್ಪಿದೆ. ಯಾವ ಪ್ರವರ್ಗಕ್ಕೆ ಎಷ್ಟು ಸೀಟು, ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂಬುದು ಎಲ್ಲರಿಗೂ ಕಾಣಬೇಕು. ಅದಕ್ಕೆ ಅರ್ಜಿ ಸಂಖ್ಯೆ ಸಾಕು. ಅನುಮಾನ ಬಂದವನು ತನ್ನ ಮೇಲಿನ ಸಂಖ್ಯೆಯ ರ‍್ಯಾಂಕ್ ನೋಡಿ ತಕರಾರು ಎತ್ತಬಹುದು. ಹೆಸರು, ಜಾತಿ, ತಂದೆಯ ಆದಾಯ, ಮೊಬೈಲ್ ನಂಬರ್ ಒಂದೇ ಸಾಲಿನಲ್ಲಿ ಬಂದರೆ ಅದು ಪಾರದರ್ಶಕತೆ ಅಲ್ಲ, ಸೋಮಾರಿತನ. ಕಂಪ್ಯೂಟರಿನಲ್ಲಿದ್ದ ಶೀಟನ್ನು ಹಾಗೇ ಮುದ್ರಿಸಿದ್ದಾರೆ, ಅಷ್ಟೇ.

ಸಾಗರದವಳು, ನ್ಯೂಜೆರ್ಸಿ

ನಾನು ಕೇಳಿದ್ದು ಎಲ್ಲಿಗೋ ಹೋಯ್ತು, ಆದರೂ ಒಳ್ಳೇದಾಯ್ತು. ಮಗಳು ಫೀಸಿನ ಪುಟಕ್ಕೆ ಪ್ರವೇಶ ಕೊಟ್ಟಿದ್ದಾಳೆ, ಅಂಕದ್ದಕ್ಕೆ ಕೊಟ್ಟಿಲ್ಲ. ಒಂದು ಕೋರ್ಸ್ ಬಿಟ್ಟಿದ್ದೀನಿ ಅಂತ ಬಾಯಲ್ಲಿ ಹೇಳಿದಳು. ನಾನು ಮುಂದೆ ಕೇಳಲಿಲ್ಲ.

ಪಟ್ಟಿಯಲ್ಲಿದ್ದವನು

ವಕೀಲರೇ, ಒಂದು ಸಹಾಯ. ಆ ನೋಟಿಸ್ ಬೋರ್ಡು ಹೋಯ್ತು, ಆದರೆ ಅಂಥದ್ದೇ ಇನ್ನೊಂದು ವರ್ಷದ ಪಟ್ಟಿ ಕಾಲೇಜಿನ ವೆಬ್‌ಸೈಟಲ್ಲಿ ಪಿಡಿಎಫ್ ಆಗಿ ಕೂತಿದೆ. ನನ್ನ ಹೆಸರು ಗೂಗಲ್‌ನಲ್ಲಿ ಹುಡುಕಿದರೆ ಮೊದಲ ಪುಟದಲ್ಲೇ ಬರುತ್ತೆ. ನಾನೀಗ ಕೆಲಸ ಹುಡುಕ್ತಿದ್ದೀನಿ. ತೆಗೆಸೋದು ಹೇಗೆ?

ಕಪ್ಪು ಕೋಟು, ಮೈಸೂರು

ಕಾಯ್ದೆಯ ಗಡುವಿಗೆ ಕಾಯಬೇಡಿ, ಒಂದು ಅರ್ಜಿ ಕೊಡಿ. ಸುಮಾರಾಗಿ ಹೀಗೆ ಬರೆಯಿರಿ:

"ಪ್ರಾಂಶುಪಾಲರಿಗೆ. ವಿಷಯ: ಕಾಲೇಜಿನ ಜಾಲತಾಣದಲ್ಲಿರುವ ವಿದ್ಯಾರ್ಥಿವೇತನ ಪಟ್ಟಿಯನ್ನು ತೆಗೆಯುವ ಕುರಿತು. ಮಾನ್ಯರೇ, ನಾನು ತಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ. ಈ ಕೆಳಗಿನ ಕೊಂಡಿಯಲ್ಲಿರುವ ಪಟ್ಟಿಯಲ್ಲಿ ನನ್ನ ಹೆಸರು, ಜಾತಿ ಮತ್ತು ತಂದೆಯ ಆದಾಯ ಸಾರ್ವಜನಿಕವಾಗಿ ಕಾಣುತ್ತಿವೆ. ವಿದ್ಯಾರ್ಥಿವೇತನ ಪಾವತಿ ಮುಗಿದಿರುವುದರಿಂದ ಪ್ರಕಟಣೆಯ ಉದ್ದೇಶ ಉಳಿದಿಲ್ಲ. ಕಡತವನ್ನು ಜಾಲತಾಣದಿಂದ ತೆಗೆದು, ತೆಗೆದ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ದೂರ ಇದ್ದರೆ ಸ್ಪೀಡ್ ಪೋಸ್ಟ್. ಪಟ್ಟಿಯ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ, ಆಮೇಲೆ "ಇರಲೇ ಇಲ್ಲ" ಅನ್ನುವವರೂ ಇದ್ದಾರೆ.

ನಿವೃತ್ತ ಅಧೀಕ್ಷಕ, ಧಾರವಾಡ

ಅರ್ಜಿ ಪ್ರಾಂಶುಪಾಲರ ಹೆಸರಿಗೆ ಇರಲಿ. ಆದ್ರ ವೆಬ್‌ಸೈಟ್ ನೋಡಾಂವ ಕಂಪ್ಯೂಟರ್ ವಿಭಾಗದ ಯಾವನರೆ ಒಬ್ಬ ಅತಿಥಿ ಉಪನ್ಯಾಸಕ ಇರತಾನ. ಅವನ್ನ ಹುಡುಕಿ ಚಹಾ ಕುಡಿಸು. ಅರ್ಜಿ ಟೇಬಲ್ ಮ್ಯಾಲಿಂದ ಏಳೂದ್ರಾಗ ಫೈಲ್ ಹೋಗಿರತದ.

ಯುಎಸ್‌ಎನ್ ಹುಡುಗ, ಬೆಂಗಳೂರು

ಬ್ರೋ, ಫೈಲ್ ತೆಗೆದರೂ ಗೂಗಲ್‌ನಲ್ಲಿ ಸ್ವಲ್ಪ ದಿನ ಹೆಸರು ಕಾಣ್ತಾನೇ ಇರುತ್ತೆ. ಹಳತಾದ ಫಲಿತಾಂಶ ತೆಗೆಸೋಕೆ ಗೂಗಲ್‌ನದ್ದೇ ಒಂದು ಫಾರ್ಮ್ ಇದೆ, ಆ ಪಿಡಿಎಫ್ ಕೊಂಡಿ ಹಾಕಿದರೆ ಸಾಕು. ಆದರೆ ಕಾಲೇಜಿನವರು ಡಿಲೀಟ್ ಮಾಡಿದ ಮೇಲೇ ಅದು ಕೆಲಸ ಮಾಡೋದು. ಬರೀ ವೆಬ್‌ಸೈಟಿನ ಮೆನುವಿಂದ ಲಿಂಕ್ ತೆಗೆದು ಸರ್ವರಲ್ಲಿ ಫೈಲ್ ಬಿಟ್ಟಿರ್ತಾರೆ, ಹಾಗೆ ಮಾಡಿದ್ದಾರಾ ಅಂತ ನೇರ ಕೊಂಡಿ ತೆರೆದು ನೋಡು. ತೆರೆದರೆ ಇಲ್ಲೇ ಬರಿ, ಮುಂದೆ ಏನು ಅಂತ ನೋಡೋಣ.